ಮಾರ್ಕ್ ಟ್ವೇನನ ‘ಪುಡನ್‌ಹೆಡ್ ವಿಲ್ಸನ್’: ಆಸ್ತಿಯ ಯಾದಿಗೆ ಸೇರದೆ ಹೋದ ಮನುಷ್ಯ

ಅಮೆರಿಕದ ಹಾಸ್ಯಲೇಖಕರಲ್ಲಿ ಅಗ್ರಗಣ್ಯನಾದ ಮಾರ್ಕ್ ಟ್ವೇನನ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಟಾಮ್ ಸಾಯರನ ತುಂಟಾಟಗಳನ್ನೂ ಹಕಲ್‌ಬೆರಿ ಫಿನ್ನನು ತೆಪ್ಪದ ಮೇಲೆ ಮಾಡಿದ ನದೀಯಾನವನ್ನೂ ಶಾಲಾದಿನಗಳಲ್ಲಿಯೇ ಓದಿ ನಕ್ಕವರು ಅನೇಕರು. ಆದರೆ ಅದೇ ಮಿಸಿಸಿಪ್ಪಿ ನದಿಯ ದಡದಲ್ಲಿ ನಡೆಯುವ, ಅದೇ ಲೇಖನಿಯಿಂದ ಹೊರಬಂದ ‘ಪುಡನ್‌ಹೆಡ್ ವಿಲ್ಸನ್’ ಎಂಬ ಕಾದಂಬರಿಯು ಆ ಎರಡು ಕೃತಿಗಳ ನೆರಳಿನಲ್ಲಿ ಬಹುಕಾಲ ಮರೆಯಾಗಿ ಉಳಿಯಿತು. 1893ರ ಡಿಸೆಂಬರಿನಿಂದ 1894ರ ಜೂನಿನವರೆಗೆ ‘ಸೆಂಚುರಿ’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಗಿ, 1894ರ ಕೊನೆಯಲ್ಲಿ ಇದು ಪುಸ್ತಕರೂಪ ತಳೆಯಿತು. ಸುಮಾರು 60 ವರ್ಷಗಳು ಕಳೆದ ಮೇಲೆ, 1955ರಲ್ಲಿ ಆಂಗ್ಲ ವಿಮರ್ಶಕನಾದ ಎಫ್. ಆರ್. ಲೀವಿಸನೂ 1959ರಲ್ಲಿ ಕರಿಯ ಜನಾಂಗದ ಕವಿಯಾದ ಲ್ಯಾಂಗ್‌ಸ್ಟನ್ ಹ್ಯೂಸನೂ ಇದಕ್ಕೆ ಮುನ್ನುಡಿ ಬರೆದ ತರುವಾಯವೇ ಇದರ ಬೆಲೆ ಜನಕ್ಕೆ ತಿಳಿಯತೊಡಗಿತೆನ್ನಬಹುದು.

ಕಥೆಯು 1830ರಲ್ಲಿ, ಮಿಸೂರಿ ಸಂಸ್ಥಾನದ ಡಾಸನ್ಸ್ ಲ್ಯಾಂಡಿಂಗ್ ಎಂಬ ಕಲ್ಪಿತ ಊರಿನಲ್ಲಿ ಆರಂಭವಾಗುತ್ತದೆ. ಪರ್ಸಿ ಡ್ರಿಸ್ಕಲ್ ಎಂಬ ಗೃಹಸ್ಥನ ಮನೆಯಲ್ಲಿ ಒಂದೇ ದಿನ ಎರಡು ಗಂಡು ಶಿಶುಗಳ ಜನನವಾಯಿತು: ಒಂದು ಯಜಮಾನನ ಮಗ ಟಾಮ್, ಇನ್ನೊಂದು ರಾಕ್ಸಿ ಎಂಬ ಗುಲಾಮಸ್ತ್ರೀಯ ಮಗ ಚೇಂಬರ್ಸ್. ಯಜಮಾನನ ಹೆಂಡತಿ ವಾರದೊಳಗೆ ತೀರಿಕೊಂಡುದರಿಂದ ಎರಡೂ ಕೂಸುಗಳು ರಾಕ್ಸಿಯ ತೊಡೆಯ ಮೇಲೆಯೇ ಬೆಳೆದವು. ರಾಕ್ಸಿಯಾದರೂ ನೋಟಕ್ಕೆ ಅಚ್ಚ ಬಿಳಿಯ ಹೆಂಗಸು. ಅವಳ ರಕ್ತದಲ್ಲಿ ಹದಿನಾರರಲ್ಲಿ ಒಂದು ಪಾಲು ಮಾತ್ರ ಆಫ್ರಿಕನ್ ಮೂಲದ್ದು. ಮಗುವಿನಲ್ಲಿ ಮೂವತ್ತೆರಡರಲ್ಲಿ ಒಂದು ಪಾಲು. ಆ ಮಗುವಿನ ತಂದೆಯೋ, ವರ್ಜೀನಿಯದ ಹಳೆಯ ಕುಲೀನ ಮನೆತನಕ್ಕೆ ಸೇರಿದ ಕರ್ನಲ್ ಎಸೆಕ್ಸ್. ಎರಡು ಕೂಸುಗಳನ್ನು ಬೇರೆಬೇರೆಯಾಗಿ ಗುರುತಿಸಲು ಇದ್ದ ಉಪಾಯವೆಂದರೆ ಒಂದರ ಮೈಮೇಲಿನ ನಯವಾದ ಮಲ್ ಬಟ್ಟೆ, ಇನ್ನೊಂದರ ಮೈಮೇಲಿನ ಗೋಣಿಯಂತಹ ಒರಟು ಅಂಗಿ, ಅಷ್ಟೆ.

ಒಂದು ದಿನ ಮನೆಯಲ್ಲಿ ಚಿಲ್ಲರೆ ಹಣ ಕಳುವಾಯಿತು. ತಪ್ಪು ಒಪ್ಪದಿದ್ದರೆ ಎಲ್ಲ ಆಳುಗಳನ್ನೂ ‘ನದಿಯ ಕೆಳಗೆ’ ಮಾರಿಬಿಡುವೆನೆಂದು ಯಜಮಾನನು ಗದರಿಸಿದನು. ಕದ್ದ ಮೂವರು ನಡುಗಿ ಒಪ್ಪಿಕೊಂಡರು. ಯಜಮಾನನು ಕರುಣೆ ತೋರಿ, ನದಿಯ ಕೆಳಗೆ ಕಳಿಸದೆ ಊರಿನಲ್ಲಿಯೇ ಅವರನ್ನು ಮಾರಿದನು. ಅಂದು ರಾತ್ರಿ ತನ್ನ ಔದಾರ್ಯಕ್ಕೆ ತಾನೇ ಮೆಚ್ಚಿ, ಮುಂದೆ ಮಗನು ಓದಿ ದಯಾಪರನಾಗಲೆಂದು ಆ ಸಂಗತಿಯನ್ನು ದಿನಚರಿಯಲ್ಲಿ ಬರೆದಿಟ್ಟನು. ಕಳ್ಳತನದಲ್ಲಿ ಭಾಗಿಯಾಗದಿದ್ದ ರಾಕ್ಸಿಗೆ ಮಾತ್ರ ಅಂದು ನಿದ್ರೆಯಿಲ್ಲ. ತನ್ನ ಕೂಸನ್ನೂ ಎಂದಾದರೊಂದು ದಿನ ಹೀಗೆಯೇ ಮಾರಬಹುದೆಂಬ ಭಯ ಅವಳನ್ನು ಹಿಡಿಯಿತು. ಮಗುವಿನೊಡನೆ ನದಿಗೆ ಹಾರಲು ನಿಶ್ಚಯಿಸಿ, ಸಾಯುವಾಗಲಾದರೂ ಚೆನ್ನಾಗಿ ಕಾಣಲೆಂದು ಅದಕ್ಕೆ ಯಜಮಾನನ ಮಗುವಿನ ಅಂಗಿ ತೊಡಿಸಿ ನೋಡಿದಳು. ಆಗ ಅವಳಿಗೆ ಬೇರೊಂದು ದಾರಿ ಹೊಳೆಯಿತು. ತೊಟ್ಟಿಲುಗಳು ಅದಲುಬದಲಾದುವು. ದಯಾಗುಣ ಕಲಿಯಲೆಂದು ತಂದೆ ಯಾರಿಗಾಗಿ ದಿನಚರಿ ಬರೆದನೋ ಆ ಮಗ ಅಂದಿನಿಂದ ಗುಲಾಮನಾದನು.

‘ನದಿಯ ಕೆಳಗೆ ಮಾರುವುದು’ ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆಫ್ರಿಕದಿಂದ ಗುಲಾಮರನ್ನು ತರುವುದನ್ನು ಅಮೆರಿಕವು 1808ರಲ್ಲಿ ನಿಷೇಧಿಸಿತು. ಆದರೆ 1793ರಲ್ಲಿ ಹತ್ತಿ ಬಿಡಿಸುವ ಜಿನ್ ಯಂತ್ರ ಬಂದಂದಿನಿಂದ ದಕ್ಷಿಣದ ಹತ್ತಿಯ ತೋಟಗಳಿಗೆ ಎಷ್ಟು ಆಳುಗಳಿದ್ದರೂ ಸಾಲದಾಯಿತು. ಆದುದರಿಂದ ವರ್ಜೀನಿಯ, ಕೆಂಟಕಿ, ಮಿಸೂರಿ ಮುಂತಾದ ಮೇಲಣ ಸಂಸ್ಥಾನಗಳಿಂದ ಕೆಳಗಿನ ಅರ್ಕಾನ್ಸಾ, ಮಿಸಿಸಿಪ್ಪಿ, ಲೂಯಿಸಿಯಾನಗಳಿಗೆ ಮನುಷ್ಯರ ಒಳವ್ಯಾಪಾರ ಬೆಳೆಯಿತು. 1790ರಿಂದ 1860ರ ಅವಧಿಯಲ್ಲಿ ಸುಮಾರು 10 ಲಕ್ಷ ಜನರು ಹೀಗೆ ಸ್ಥಳಾಂತರಗೊಂಡರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ತಾಯಿ ಒಂದು ಊರಿಗೆ, ಮಗು ಇನ್ನೊಂದು ಊರಿಗೆ ಹೋಗುವುದು ಈ ವ್ಯಾಪಾರದಲ್ಲಿ ನಿತ್ಯದ ಮಾತು.

ರಾಕ್ಸಿಯಂತಹ ಬಿಳಿಯ ಮೈಬಣ್ಣದವಳು ಗುಲಾಮಳಾದುದು ಹೇಗೆ? 1662ರಲ್ಲಿ ವರ್ಜೀನಿಯದ ಶಾಸನಸಭೆಯು ಒಂದು ನಿಯಮ ಮಾಡಿತು: ಮಗುವಿನ ಸ್ಥಿತಿಯು ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದು. ಇಂಗ್ಲೆಂಡಿನ ಸಾಮಾನ್ಯ ನ್ಯಾಯದಲ್ಲಿ ಮಗು ತಂದೆಯ ಕಡೆಗೆ ಸೇರುತ್ತಿದ್ದರೆ, ವಸಾಹತಿನಲ್ಲಿ ಇದು ತಿರುಗುಮುರುಗಾಯಿತು. ಹಸುವಿನ ಕರು ಹಸುವಿನ ಒಡೆಯನಿಗೆ ಸೇರುವಂತೆ ಗುಲಾಮಳ ಮಗು ಅವಳ ಒಡೆಯನಿಗೆ ಸೇರಿತು; ತಂದೆ ಒಡೆಯನೇ ಆಗಿದ್ದರೂ ಅವನ ಆಸ್ತಿ ಒಂದು ತಲೆಯಷ್ಟು ಹೆಚ್ಚಿತೇ ಹೊರತು ಸಂಸಾರ ಹೆಚ್ಚಲಿಲ್ಲ. ಜನಾಂಗದ ಶಾಸನವೆಂದು ಮೇಲುನೋಟಕ್ಕೆ ತೋರುವ ಇದು ವಾಸ್ತವದಲ್ಲಿ ಸ್ವತ್ತಿನ ಶಾಸನ. ಟ್ವೇನನ ಕಾದಂಬರಿಯ ಜೀವಾಳ ಈ ಒಂದು ತಿಳಿವಿನಲ್ಲಿದೆ. ವರ್ಣವೆಂಬುದು ಮೈಯಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆಯೆಂಬುದನ್ನು ಆತನು ವಾದಿಸಿ ಹೇಳುವುದಿಲ್ಲ. ಕಥೆಯ ಪ್ರತಿ ತಿರುವನ್ನೂ ಒಂದು ಸಾಲದ ಮೇಲೆ ನಿಲ್ಲಿಸಿ ತೋರಿಸುತ್ತಾನೆ.

ಆ ತಿರುವುಗಳನ್ನು ನೋಡೋಣ. ಪರ್ಸಿ ಡ್ರಿಸ್ಕಲನು ಭೂಮಿಯ ಸಟ್ಟಾವ್ಯವಹಾರದಲ್ಲಿ ಮುಳುಗಿ 1845ರಲ್ಲಿ ಸತ್ತನು; ಸಾಯುವಾಗ ರಾಕ್ಸಿಗೆ ಬಿಡುಗಡೆ ಕೊಟ್ಟನು. ಅವಳು ನದಿಯ ಹಬೆಹಡಗಿನಲ್ಲಿ 8 ವರ್ಷ ದಾಸಿಯಾಗಿ ದುಡಿದು, ಮುಪ್ಪಿಗೆಂದು 400 ಡಾಲರುಗಳನ್ನು ನ್ಯೂ ಆರ್ಲಿಯನ್ಸಿನ ಬ್ಯಾಂಕೊಂದರಲ್ಲಿ ಕೂಡಿಟ್ಟಳು. ಆ ಬ್ಯಾಂಕು ಮುಳುಗಿತು. ಕೈಯಲ್ಲಿ ಕಾಸಿಲ್ಲದೆ ಊರಿಗೆ ಮರಳಿ, ಈಗ ನ್ಯಾಯಾಧೀಶ ಡ್ರಿಸ್ಕಲನ ದತ್ತುಪುತ್ರನಾಗಿ ಮೆರೆಯುತ್ತಿದ್ದ ತನ್ನ ಹೊಟ್ಟೆಯ ಮಗನ ಮುಂದೆ ಒಂದು ಡಾಲರಿಗಾಗಿ ಕೈಯೊಡ್ಡಿದಳು. ಅವನು ಹೀಯಾಳಿಸಿ ಅಟ್ಟಿದನು. ಆಗ ಅವಳು ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿ ಅವನ ಜನ್ಮರಹಸ್ಯವನ್ನು ಹೇಳಿದಳು. ಬ್ಯಾಂಕು ಮುಳುಗದಿದ್ದರೆ ರಹಸ್ಯ ಅವಳೊಡನೆಯೇ ಮಣ್ಣಾಗುತ್ತಿತ್ತು. ಹಡಗಿನ ದಾಸಿಯೊಬ್ಬಳ ಠೇವಣಿ ಕರಗಿದುದು ಒಂದು ಕುಲೀನ ಮನೆತನದ ಬುಡವನ್ನೇ ಅಲುಗಾಡಿಸಿತು.

ಜನ್ಮರಹಸ್ಯದ ಪ್ರಕಟನೆಯೆಂದೊಡನೆ ಕನ್ನಡಿಗರ ಮನಸ್ಸು ಕರ್ಣನ ಕಡೆಗೆ ಹರಿಯುವುದು ಸಹಜ. ಆದರೆ ಕುಂತಿಯ ಮಾತಿನಿಂದ ಸೂತನ ಮನೆಯಲ್ಲಿ ಬೆಳೆದವನು ರಾಜಕುಮಾರನೆಂದು ತಿಳಿಯುತ್ತದೆ. ಇಲ್ಲಿ ರಾಜಕುಮಾರನಂತೆ ಬೆಳೆದವನು ಒಂದು ಮಾತಿನಿಂದ ಮಾರಾಟದ ಸರಕಾಗುತ್ತಾನೆ. ರವೀಂದ್ರನಾಥ ಠಾಕೂರರ ‘ಗೋರಾ’ ಕಾದಂಬರಿಯಲ್ಲಿ ತಾನು ಐರಿಷ್ ತಂದೆತಾಯಿಗಳ ಮಗನೆಂದು ಅರಿತ ನಾಯಕನಿಗೆ ಆ ಅರಿವೇ ಬಿಡುಗಡೆಯಾಗುತ್ತದೆ. ಟಾಮನಿಗೆ ಅಂತಹ ಭಾಗ್ಯವಿಲ್ಲ. ಕೆಲವು ದಿನ ಅವನು ಬೀದಿಯಲ್ಲಿ ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಡುತ್ತಾನೆ, ಬಿಳಿಯರೊಡನೆ ಕೈಕುಲುಕಲು ಹಿಂಜರಿಯುತ್ತಾನೆ. ಹಿಂದಿನ ದಿನವಿದ್ದ ಅದೇ ಕೈ, ಅದೇ ಚರ್ಮ. ಬದಲಾದುದು ತಿಳಿವಳಿಕೆ ಮಾತ್ರ. ಕಾದಂಬರಿಯ ಅತಿ ಸೂಕ್ಷ್ಮವಾದ ಈ ಪುಟಗಳನ್ನು ಗ್ರಂಥಕರ್ತನು ಬೇಗನೆ ಮುಗಿಸಿಬಿಟ್ಟಿರುವುದು ಓದುಗರ ದುರದೃಷ್ಟ.

ಮುಂದಿನ ತಿರುವೂ ಸಾಲದ್ದೇ. ಟಾಮನು ಜೂಜಿನಲ್ಲಿ ಸೋತು ಸಾಲದಲ್ಲಿ ಬಿದ್ದನು. ಸುದ್ದಿ ನ್ಯಾಯಾಧೀಶನ ಕಿವಿಗೆ ಬಿದ್ದರೆ ಉಯಿಲು ಹರಿದುಹೋಗುವುದು ನಿಶ್ಚಯ. ಮಗನನ್ನು ಉಳಿಸಲು ರಾಕ್ಸಿಯು ತನ್ನನ್ನೇ ಮತ್ತೆ ಗುಲಾಮಳೆಂದು ಮಾರಿ ಸಾಲ ತೀರಿಸಿಕೊಳ್ಳುವಂತೆ ಹೇಳಿದಳು. ಆಮೇಲೆ ಬಿಡಿಸಿಕೊಳ್ಳಬೇಕೆಂಬುದು ಕರಾರು. ಅವನು ಸುಳ್ಳು ದಸ್ತಾವೇಜು ಮಾಡಿ, ಅವಳನ್ನು 600 ಡಾಲರಿಗೆ ಅರ್ಕಾನ್ಸಾದ ಹತ್ತಿಯ ತೋಟದವನಿಗೆ, ಎಂದರೆ ನದಿಯ ಕೆಳಗಿನವನಿಗೇ ಮಾರಿದನು. ಹಡಗಿನಲ್ಲಿ ಕುಳಿತವಳಿಗೆ ಇದು ಮೊದಲು ತಿಳಿಯಲಿಲ್ಲ. ಆದರೆ 8 ವರ್ಷ ಆ ನದಿಯಲ್ಲಿಯೇ ದುಡಿದ ಕಣ್ಣು ನೀರಿನ ಸೆಳವನ್ನು ಕಂಡೊಡನೆ ಹಡಗು ಯಾವ ದಿಕ್ಕಿಗೆ ಸಾಗುತ್ತಿದೆಯೆಂಬುದನ್ನು ಓದಿಕೊಂಡಿತು. ಮಗನಿಗಾಗಿ ಮಾಡಿದ ಮೊದಲ ತ್ಯಾಗ ಯಾವ ಭಯದಿಂದ ಹುಟ್ಟಿತೋ, ಅದೇ ಭಯಕ್ಕೆ ಆ ಮಗನು ತಾಯಿಯನ್ನು ಒಪ್ಪಿಸಿದನು. ಸ್ವತಃ ಹಡಗು ನಡೆಸುವ ಪೈಲಟನಾಗಿದ್ದ ಟ್ವೇನನಿಗಲ್ಲದೆ ಬೇರೆಯವರಿಗೆ ಈ ಸನ್ನಿವೇಶ ಹೊಳೆಯುತ್ತಿರಲಿಲ್ಲ.

ಇದು ಕವಿಕಲ್ಪನೆಯ ಅತಿರೇಕವೆಂದು ತಿಳಿಯಬೇಕಾಗಿಲ್ಲ. ಲೂಯಿಸಿಯಾನದ ಸಿಟಿಜನ್ಸ್ ಬ್ಯಾಂಕ್ ಮತ್ತು ಕೆನಾಲ್ ಬ್ಯಾಂಕ್‌ಗಳು 1831ರಿಂದ 1865ರವರೆಗೆ ಸುಮಾರು 13,000 ಗುಲಾಮರನ್ನು ಸಾಲದ ಅಡವಾಗಿ ಅಂಗೀಕರಿಸಿದ್ದವೆಂದೂ, ಸಾಲ ಮರುಪಾವತಿಯಾಗದೆ ಸುಮಾರು 1,250 ಮಂದಿ ಆ ಬ್ಯಾಂಕುಗಳ ಸ್ವತ್ತೇ ಆದರೆಂದೂ 2005ರಲ್ಲಿ ಅವುಗಳ ಉತ್ತರಾಧಿಕಾರಿ ಸಂಸ್ಥೆಯು ಕಡತಗಳನ್ನು ಶೋಧಿಸಿ ಪ್ರಕಟಪಡಿಸಿತು. ಟ್ವೇನನ ಸ್ವಂತ ಮನೆಯಲ್ಲಿಯೂ ಇಂತಹ ಒಂದು ನೆನಪಿತ್ತು. ವರ್ಜೀನಿಯದಲ್ಲಿ ಹುಟ್ಟಿ ಮಿಸೂರಿಯಲ್ಲಿ ನೆಲೆಸಿದ ಆತನ ತಂದೆ ಜಾನ್ ಕ್ಲೆಮೆನ್ಸನು ಸಾಲದ ಬಾಧೆಗೆ ಸಿಲುಕಿದಾಗ ಜೆನ್ನಿ ಎಂಬ ಮನೆಯ ಗುಲಾಮಳನ್ನು ಮಾರಿದ್ದನು. ಇನ್ನು ಗ್ರಂಥಕರ್ತನೇ ಈ ಕಾದಂಬರಿಯನ್ನು ಬರೆಯುವ ಕಾಲಕ್ಕೆ ಅಚ್ಚುಮೊಳೆ ಜೋಡಿಸುವ ಪೇಜ್ ಯಂತ್ರಕ್ಕೆ ಅಪಾರ ಹಣ ಸುರಿದು ಬರಿಗೈಯಾಗಿದ್ದನು. ಧಾರಾವಾಹಿ ಇನ್ನೂ ನಡೆಯುತ್ತಿರುವಾಗಲೇ, 1894ರ ಏಪ್ರಿಲಿನಲ್ಲಿ, ಆತನ ಪ್ರಕಾಶನ ಸಂಸ್ಥೆಯಾದ ಚಾರ್ಲ್ಸ್ ಎಲ್. ವೆಬ್ಸ್ಟರ್ ಕಂಪನಿ ದಿವಾಳಿಯೆದ್ದಿತು.

ಕಾದಂಬರಿಗೆ ಹೆಸರು ಕೊಟ್ಟ ಡೇವಿಡ್ ವಿಲ್ಸನನ ವಿಷಯ ಈವರೆಗೆ ಬರಲಿಲ್ಲ. ನ್ಯೂಯಾರ್ಕಿನ ಕಡೆಯಿಂದ ವಕೀಲಿ ಮಾಡಲು ಬಂದ ಈ ತರುಣನು ಮೊದಲ ದಿನವೇ ಬೊಗಳುವ ನಾಯಿಯೊಂದರ ವಿಷಯದಲ್ಲಿ, ಅದರಲ್ಲಿ ಅರ್ಧ ಪಾಲು ತನ್ನದಾಗಿದ್ದರೆ ತನ್ನ ಅರ್ಧವನ್ನು ಕೊಲ್ಲುತ್ತಿದ್ದೆನೆಂಬ ಅರ್ಥದ ವಿನೋದವಾಡಿದನು. ಊರವರಿಗೆ ವ್ಯಂಗ್ಯ ತಿಳಿಯಲಿಲ್ಲ. ‘ಪೆದ್ದತಲೆ’ ಎಂಬ ಅಡ್ಡಹೆಸರು ಅಂಟಿತು, ಕಕ್ಷಿಗಾರರು ಬರಲಿಲ್ಲ. ಅವನು 20 ವರ್ಷಕ್ಕೂ ಮಿಕ್ಕಿ ಭೂಮಾಪನ ಮಾಡುತ್ತ, ಅಂಗಡಿಯವರ ಲೆಕ್ಕಪತ್ರ ನೋಡುತ್ತ ಕಾಲ ಕಳೆದನು. ಅರ್ಧ ನಾಯಿಯನ್ನು ಕೊಲ್ಲುವುದು ಹುಚ್ಚೆಂದು ನಕ್ಕ ಆ ಜನರೇ ಒಬ್ಬ ಮನುಷ್ಯನ ಮೂವತ್ತೆರಡನೆಯ ಒಂದು ಪಾಲಿಗಾಗಿ ಇಡೀ ಮನುಷ್ಯನನ್ನು ಮಾರುವವರು. ವಿಲ್ಸನನಿಗಿದ್ದ ಇನ್ನೊಂದು ಹುಚ್ಚು ಊರವರ ಬೆರಳ ಗುರುತುಗಳನ್ನು ಗಾಜಿನ ಪಟ್ಟಿಗಳ ಮೇಲೆ ಒತ್ತಿಸಿ, ಹೆಸರು ತಾರೀಖು ಬರೆದಿಡುವುದು. ರಾಕ್ಸಿಯ ಕೂಸುಗಳ ಗುರುತೂ, ಅದಲುಬದಲಿನ ಮೊದಲೊಮ್ಮೆ ಅನಂತರವೊಮ್ಮೆ, ಹೀಗೆ ಅವನ ಪೆಟ್ಟಿಗೆ ಸೇರಿತ್ತು.

ಬೆರಳ ಗುರುತಿನ ಈ ವಿದ್ಯೆಯ ಚರಿತ್ರೆಗೆ ಭಾರತದ ಸಂಬಂಧವಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷಲನು, ರಸ್ತೆಯ ಸಾಮಗ್ರಿ ಒದಗಿಸುವ ಗುತ್ತಿಗೆದಾರನೊಬ್ಬನು ಮುಂದೆ ತನ್ನ ಸಹಿಯನ್ನು ಅಲ್ಲಗಳೆಯದಿರಲೆಂದು ಕರಾರುಪತ್ರದ ಬೆನ್ನಿನ ಮೇಲೆ ಅವನ ಅಂಗೈಯನ್ನು ಒತ್ತಿಸಿಕೊಂಡನು. 1877ರ ಸುಮಾರಿಗೆ ಹೂಗ್ಲಿಯಲ್ಲಿ ದಸ್ತಾವೇಜುಗಳ ನೋಂದಣಿಗೂ ಪಿಂಚಣಿ ವಿತರಣೆಗೂ ಅದೇ ಪದ್ಧತಿಯನ್ನು ಬಳಸಿದನು. ಹರ್ಷಲನ ಸಂಗ್ರಹವನ್ನೂ ಉಪಯೋಗಿಸಿಕೊಂಡು ಫ್ರಾನ್ಸಿಸ್ ಗಾಲ್ಟನನು 1892ರಲ್ಲಿ ಬೆರಳ ಗುರುತುಗಳ ಮೇಲೆ ಗ್ರಂಥ ಬರೆದನು. ಟ್ವೇನನು ಅದನ್ನು ಓದಿಯೇ ತನ್ನ ಕಥೆಯ ನ್ಯಾಯಾಲಯದ ಪ್ರಕರಣವನ್ನು ಕಟ್ಟಿದನು. ಕಥೆಯ ವಿಚಾರಣೆ ನಡೆಯುವುದು 1853ರ ಹೊತ್ತಿಗಾದುದರಿಂದ ಇದು ಕಾಲವಿರುದ್ಧವೆಂದು ಹೇಳಬಹುದು. ಆದರೆ ದೋಷ ಸಣ್ಣದು. ಗಮನಿಸತಕ್ಕ ಸಂಗತಿ ಬೇರೆ. ಗಾಲ್ಟನನು ಆಂಗ್ಲರು, ವೇಲ್ಸಿನವರು, ಯೆಹೂದ್ಯರು, ಆಫ್ರಿಕನ್ನರು ಮುಂತಾದವರ ಗುರುತುಗಳನ್ನು ಹೋಲಿಸಿ, ಜನಾಂಗದ ಲಕ್ಷಣ ಏನಾದರೂ ಬೆರಳಿನಲ್ಲಿ ಕಾಣುವುದೋ ಎಂದು ಹುಡುಕಿದನು. ವಂಶಗುಣದಲ್ಲಿ ಅಷ್ಟೊಂದು ನಂಬಿಕೆಯಿದ್ದ ಆ ವಿದ್ವಾಂಸನೇ ಅಂತಹ ಲಕ್ಷಣ ಯಾವುದೂ ಸಿಗಲಿಲ್ಲವೆಂದು ಬರೆಯಬೇಕಾಯಿತು.

ಕಾದಂಬರಿಯ ಕೊನೆಯನ್ನು ಈ ಬೆಳಕಿನಲ್ಲಿ ಓದಬೇಕು. ರಾಕ್ಸಿ ಅರ್ಕಾನ್ಸಾದಿಂದ ತಪ್ಪಿಸಿಕೊಂಡು ಬಂದು, ತನ್ನನ್ನು ಬಿಡಿಸಲು ಹಣ ತರುವಂತೆ ಟಾಮನನ್ನು ಬೆದರಿಸಿದಳು. ಹಣ ಕದಿಯಲು ಹೋದ ಅವನು ನ್ಯಾಯಾಧೀಶನನ್ನು ಕಠಾರಿಯಿಂದ ಇರಿದನು. ಆ ಕಠಾರಿ, ಊರಿಗೆ ಬಂದಿದ್ದ ಇಟಲಿಯ ಅವಳಿ ಸೋದರರಲ್ಲಿ ಒಬ್ಬನಿಗೆ ಬರೋಡೆಯ ಗಾಯಕವಾಡ ಮಹಾರಾಜರು ಕೊಟ್ಟ ಬಹುಮಾನವೆಂದು ಕಥೆ ಹೇಳುತ್ತದೆ. ಅಪವಾದ ಅವಳಿಗಳ ಮೇಲೆ ಬಂದಿತು. ವಕೀಲನಾಗಿ ನಿಂತ ವಿಲ್ಸನನು ಗಾಜಿನ ಪಟ್ಟಿಗಳ ಗುರುತುಗಳನ್ನು ದೊಡ್ಡದಾಗಿ ಬರೆದು ಪಂಚರ ಮುಂದಿಟ್ಟು, ಕಠಾರಿಯ ಹಿಡಿಯ ಮೇಲಿನ ರಕ್ತದ ಗುರುತು ಟಾಮನದೆಂದೂ, ಆ ಟಾಮನು ತೊಟ್ಟಿಲಿನಲ್ಲಿ ಬದಲಾದ ಚೇಂಬರ್ಸನೆಂದೂ ಸಿದ್ಧಪಡಿಸಿದನು. ಬೆರಳು ಹೇಳಿದುದು ಅಷ್ಟೇ: ಇವನೇ ಅವನು. ಇವನು ಕರಿಯನೆಂದು ಬೆರಳು ಹೇಳಲಿಲ್ಲ; ಅದನ್ನು ಹೇಳಿದುದು ತಾಯಿಯ ಹೆಸರು, ಎಂದರೆ 1662ರ ನಿಯಮ. ಶಾಸ್ತ್ರದ ಸಾಕ್ಷ್ಯ ಮುಗಿದ ಕ್ಷಣದಲ್ಲಿಯೇ ರೂಢಿಯ ತೀರ್ಪು ಅದರ ಬೆನ್ನೇರಿ ಬಂದುದನ್ನು ಸಭೆಯಲ್ಲಿ ಯಾರೂ ಗಮನಿಸಲಿಲ್ಲ. ವಿಲ್ಸನನೂ ಗಮನಿಸಿದಂತೆ ತೋರುವುದಿಲ್ಲ. ಊರವರು ಅವನನ್ನು ಜಾಣನೆಂದು ಹೊತ್ತು ಮೆರೆಸಿದರು.

ಟಾಮನಿಗೆ ಆಜೀವ ಸೆರೆವಾಸ ವಿಧಿಸಲಾಯಿತು. ಆಗ ಪರ್ಸಿ ಡ್ರಿಸ್ಕಲನಿಗೆ ಸಾಲ ಕೊಟ್ಟವರು ಎದ್ದುನಿಂತರು. ಪರ್ಸಿಯ ಸ್ವತ್ತಿನಿಂದ ಅವರಿಗೆ ಸಂದುದು ಶೇಕಡಾ 60 ಮಾತ್ರ, ನಮ್ಮ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಹತ್ತಾಣೆಗೂ ಕಡಮೆ. ಆಸ್ತಿಯ ಯಾದಿ ಮಾಡುವಾಗ ಈ ಗುಲಾಮನನ್ನು ತಪ್ಪಿನಿಂದ ಬಿಟ್ಟುಬಿಟ್ಟಿದ್ದರಿಂದ ತಮಗೆ ನಷ್ಟವಾಯಿತು; ಅಂದೇ ಕೈಗೆ ಸಿಕ್ಕಿದ್ದರೆ ಅವನನ್ನು ಮಾರಿಬಿಡುತ್ತಿದ್ದೆವು, ನ್ಯಾಯಾಧೀಶನ ಕೊಲೆಯೂ ಆಗುತ್ತಿರಲಿಲ್ಲ; ಆದುದರಿಂದ ನಿಜವಾದ ಅಪರಾಧಿ ಆ ತಪ್ಪು ಯಾದಿಯೇ ಎಂಬುದು ಅವರ ವಾದ. ಎಲ್ಲರೂ ಇದು ನ್ಯಾಯವೆಂದು ಒಪ್ಪಿದರು. ಬಿಳಿಯನಾದ ಕೊಲೆಗಾರನನ್ನು ಸೆರೆಯಲ್ಲಿಡುವುದು ಸರಿ, ಆದರೆ ಬೆಲೆಬಾಳುವ ಸರಕನ್ನು ಸೆರೆಯಲ್ಲಿ ಕೊಳೆಸುವುದುಂಟೇ? ಗವರ್ನರನು ಕ್ಷಮಾದಾನ ನೀಡಿದನು. ಸಾಲ ಕೊಟ್ಟವರು ಅವನನ್ನು ನದಿಯ ಕೆಳಗೆ ಮಾರಿದರು. ಗ್ರಂಥ ಅಲ್ಲಿಗೆ ಮುಗಿಯುತ್ತದೆ. ಲೆಕ್ಕ ಸರಿಹೋಯಿತು, ಬಾಕಿ ಉಳಿದ ಕಲಮು ಜಮೆಯಾಯಿತು. ಇಷ್ಟು ತಣ್ಣಗಿನ ದನಿಯಲ್ಲಿ ಇಷ್ಟು ಭಯಂಕರವಾದ ಮುಕ್ತಾಯವನ್ನು ಬರೆದ ಕಾದಂಬರಿಗಳು ಜಗತ್ತಿನ ಸಾಹಿತ್ಯದಲ್ಲಿ ಹೆಚ್ಚು ಇರಲಾರವು.

ಅತ್ತ ನಿಜವಾದ ವಾರಸುದಾರನ ಸ್ಥಿತಿ ಕನಿಕರ ಹುಟ್ಟಿಸುವಂತಹುದು. ಸ್ವಾತಂತ್ರ್ಯವೂ ಸಿರಿಯೂ ಬಂದವು. ಓದುಬರಹವಿಲ್ಲ, ಆಳುಗಳ ಮಾತೇ ನಾಲಗೆಯ ಮೇಲೆ. ಬಿಳಿಯರ ದಿವಾನಖಾನೆಯಲ್ಲಿ ಅವನಿಗೆ ಉಸಿರುಕಟ್ಟುತ್ತದೆ, ಅಡಿಗೆಮನೆಯಲ್ಲಿ ಮಾತ್ರ ನೆಮ್ಮದಿ. ಆದರೆ ಇನ್ನು ಅಡಿಗೆಮನೆಯ ಬಳಗ ಅವನದಲ್ಲ. ಆದರೂ ತನ್ನ ಬಾಳನ್ನು ಕದ್ದ ರಾಕ್ಸಿಗೆ ತಿಂಗಳಿಗೆ 35 ಡಾಲರು ಕೊಡುವುದನ್ನು ಅವನು ನಿಲ್ಲಿಸಲಿಲ್ಲ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಅಂಟಿಕೊಂಡು ಹುಟ್ಟಿದ ಅವಳಿಗಳ ಪ್ರಹಸನವಾಗಿ ಇದನ್ನು ಆರಂಭಿಸಿದ ಟ್ವೇನನು, ರಾಕ್ಸಿ ಕಥೆಯನ್ನು ಆಕ್ರಮಿಸಿಕೊಂಡಾಗ ಪ್ರಹಸನವನ್ನು ಕತ್ತರಿಸಿ ಬೇರೆ ಮಾಡಿದನು. ಕತ್ತರಿಸಿದ ಗಾಯ ಅಲ್ಲಲ್ಲಿ ಕಾಣುತ್ತದೆ, ಅವಳಿ ಸೋದರರು ಬಂದಾಗಲೆಲ್ಲ ಕಥೆ ಕುಂಟುತ್ತದೆ. ಟಾಮನ ಹೇಡಿತನಕ್ಕೆ ಅವನಲ್ಲಿರುವ ಕರಿಯ ರಕ್ತವೇ ಕಾರಣವೆಂದು ರಾಕ್ಸಿಯೇ ಒಂದೆಡೆ ಬೈಯುತ್ತಾಳೆ. ಗ್ರಂಥಕರ್ತನ ಅಭಿಪ್ರಾಯವೂ ಇದೇ ಇರಬಹುದೇ ಎಂದು ಸಂಶಯಪಟ್ಟವರುಂಟು. ಆದರೆ ಅದೇ ಉಸಿರಿನಲ್ಲಿ ಅವಳು ತನ್ನ ವಂಶಾವಳಿಯನ್ನು ಕುಲೀನ ಮನೆತನಗಳವರೆಗೆ ಎಳೆದು ಹೆಮ್ಮೆಪಡುತ್ತಾಳೆ. ತುಳಿದವರ ಪಾಠವನ್ನೇ ತುಳಿಸಿಕೊಂಡವರೂ ಒಪ್ಪಿಸುವ ದುರಂತ ಅದು. ಟಾಮನನ್ನು ಕೆಡಿಸಿದುದು ರಕ್ತವಲ್ಲ, ಒಡೆಯನ ಮಗನಿಗೆ ಸಲ್ಲುವ ಲಾಲನೆಯೆಂಬುದಕ್ಕೆ ಇಡೀ ಕಥೆಯೇ ಸಾಕ್ಷಿಯಾಗಿದೆ.

1865ರಲ್ಲಿ ಗುಲಾಮಗಿರಿ ರದ್ದಾಗಿ ಒಂದು ತಲೆಮಾರು ಕಳೆದ ಮೇಲೆ ಟ್ವೇನನು ಈ ಹಳೆಯ ಕಥೆಯನ್ನು ಕೆದಕಿದುದೇಕೆ? ಲೆಕ್ಕ ಇನ್ನೂ ಮುಗಿದಿರಲಿಲ್ಲ. 1892ರಲ್ಲಿ ಲೂಯಿಸಿಯಾನದ ಹೋಮರ್ ಪ್ಲೆಸ್ಸಿ ಎಂಬಾತನು, ಎಂಟರಲ್ಲಿ ಒಂದು ಪಾಲು ಆಫ್ರಿಕನ್ ಮೂಲದವನು, ಬಿಳಿಯರ ರೈಲುಡಬ್ಬಿಯಲ್ಲಿ ಕುಳಿತು ಬಂಧನಕ್ಕೊಳಗಾದನು. 1896ರಲ್ಲಿ ಸುಪ್ರೀಮ್ ಕೋರ್ಟು ಆ ಪ್ರತ್ಯೇಕತೆಯನ್ನು ಎತ್ತಿಹಿಡಿಯಿತು. ಶಾಲೆಗಳ ಮಟ್ಟಿಗೆ ಆ ತತ್ತ್ವ ಬಿದ್ದುದು 1954ರಲ್ಲಿ. ಈ ಮಧ್ಯದ ಕಾಲದಲ್ಲಿ ಚಾರ್ಲ್ಸ್ ಚೆಸ್ನಟ್ 1900ರಲ್ಲಿ, ಜೇಮ್ಸ್ ವೆಲ್ಡನ್ ಜಾನ್ಸನ್ 1912ರಲ್ಲಿ, ನೆಲ್ಲಾ ಲಾರ್ಸೆನ್ 1929ರಲ್ಲಿ ಬಿಳಿಯರಂತೆ ಬಾಳುವ ಕರಿಯರ ಕಥೆಗಳನ್ನು ಒಳಗಿನಿಂದ ಬರೆದರು. ಟ್ವೇನನಿಗೆ ಆ ಒಳನೋಟ ಇಲ್ಲ. ಆತನು ಕಂಡುದು ಒಡೆಯರ ಮನೆಯ ಜಗಲಿಯಿಂದ.

ಆ ಜಗಲಿಯ ನೆನಪು ಆತನಿಗೆ ಮುಂಬಯಿಯಲ್ಲಿ ಮತ್ತೊಮ್ಮೆ ಮರುಕಳಿಸಿತು. ಸುಮಾರು 1 ಲಕ್ಷ ಡಾಲರಿನ ಸಾಲ ತೀರಿಸಲು ಉಪನ್ಯಾಸಗಳ ಲೋಕಪ್ರವಾಸ ಹೊರಟ ಆತನು 1896ರ ಜನವರಿಯಲ್ಲಿ ಮುಂಬಯಿಗೆ ಬಂದು, ಕಾಲಾ ಘೋಡಾ ಬಳಿಯ ವಾಟ್ಸನ್ ಹೋಟೆಲಿನಲ್ಲಿ ಇಳಿದನು. ಸಾಮಾನು ಇರಿಸುವಾಗ ಬಿಳಿಯ ಮೇಲ್ವಿಚಾರಕನೊಬ್ಬನು ಬಾಗಿಲು ಸರಿಮಾಡುತ್ತಿದ್ದ ಆಳಿನ ಕೆನ್ನೆಗೆ ಹೊಡೆದು, ಆಮೇಲೆ ತಪ್ಪೇನೆಂದು ತಿಳಿಸಿದನು. ಆಳು ತುಟಿಪಿಟಕ್ಕೆನ್ನಲಿಲ್ಲ. 50 ವರ್ಷಗಳಿಂದ ಇಂತಹುದನ್ನು ಕಂಡಿರಲಿಲ್ಲವೆಂದೂ, ಗುಲಾಮನಿಗೆ ಬೇಕುಬೇಡ ತಿಳಿಸುವ ಮಿಸೂರಿಯ ರೀತಿ ಇದೇ ಆಗಿದ್ದಿತೆಂದೂ, ಸಾತ್ವಿಕನಾದ ತನ್ನ ತಂದೆಯೂ ಮನೆಯ ಹುಡುಗನಿಗೆ ಹೀಗೆಯೇ ಹೊಡೆಯುತ್ತಿದ್ದನೆಂದೂ ಟ್ವೇನನು ಪ್ರವಾಸಕಥನದಲ್ಲಿ ಬರೆದುಕೊಂಡಿದ್ದಾನೆ. ಅದೇ ತಿಂಗಳ ಕೊನೆಯಲ್ಲಿ ಬರೋಡೆಗೆ ಹೋಗಿ, ಎರಡು ವರ್ಷಗಳ ಹಿಂದೆ ತನ್ನ ಕಥೆಯಲ್ಲಿ ಕಠಾರಿ ದಾನ ಮಾಡಿಸಿದ್ದ ಆ ಗಾಯಕವಾಡ ದರಬಾರಿನಲ್ಲಿಯೇ ಉಪನ್ಯಾಸ ಕೊಟ್ಟನು. 1897ರಲ್ಲಿ ಹೊರಬಂದ ಆ ಪ್ರವಾಸಗ್ರಂಥದ ಅಧ್ಯಾಯಗಳ ತಲೆಯ ಮೇಲೆ ಪುಡನ್‌ಹೆಡ್ ವಿಲ್ಸನನ ಹೊಸ ಪಂಚಾಂಗದ ಸೂಕ್ತಿಗಳಿವೆ. ಅದರ ಉತ್ಪನ್ನವೂ ಸೇರಿ 1898ರ ಹೊತ್ತಿಗೆ ಟ್ವೇನನ ಸಾಲವೆಲ್ಲ ತೀರಿತು. ಕೊಟ್ಟವರಿಗೆ ಸಂದುದು ಶೇಕಡಾ 60 ಅಲ್ಲ, ಪೂರ್ತಿ 100.